ಲೈಬ್ರರಿ ಮೇಡಂ ಮತ್ತು ಹೊಲಿಗೆ ಅಕ್ಕ



ಅಕ್ಷರ ಕಲಿತ ಮೇಲೆ ಏನು ಓದಬೇಕು? ಈ ಮಾತನ್ನು ನೀವು ನಮ್ಮನ್ನು ಎಷ್ಟೋ ಸಲ ಕೇಳಿದ್ದೀರಿ. ಬಸ್ಸಿನ ಬೋರ್ಡು ಓದಿದ್ದಾಯಿತು. ರೇಷನ್ ಕಾರ್ಡಿನಲ್ಲಿ ಮನೆಯವರ ಹೆಸರು ಓದಿದ್ದಾಯಿತು. ಕಲಿಕೆಯ ಪುಸ್ತಕವೂ ಮುಗಿಯಿತು. ಮುಂದೆ?

ನಮ್ಮ ಕೇಂದ್ರದ ಒಬ್ಬ ಅಕ್ಕ ಈ ಮಾತನ್ನು ಹೈಸ್ಕೂಲಿನ ಲೈಬ್ರರಿಗೇ ಹೋಗಿ ಕೇಳಿದರು. ಆ ಅಕ್ಕ ಬಟ್ಟೆ ಹೊಲಿಯುತ್ತಾರೆ. ಪುಸ್ತಕದಲ್ಲಿ ಹೆಸರು ಹಾಕಬೇಡಿ ಎಂದಿದ್ದಾರೆ. ಆದ್ದರಿಂದ ಹೊಲಿಗೆ ಅಕ್ಕ ಎಂದೇ ಕರೆಯೋಣ. ಲೈಬ್ರರಿ ನೋಡಿಕೊಳ್ಳುವವರನ್ನು ಊರಿನವರೆಲ್ಲ ಲೈಬ್ರರಿ ಮೇಡಂ ಎನ್ನುತ್ತಾರೆ. ನಾವೂ ಹಾಗೇ ಎನ್ನೋಣ.

ಬರಿಗೈ

ಲೈಬ್ರರಿ ಅಂದರೆ ಒಂದು ಕೋಣೆ. ಐದು ಬೀರು. ಎರಡು ಉದ್ದ ಮೇಜು. ಎರಡು ಸಾವಿರದ ಹತ್ತಿರ ಪುಸ್ತಕ. ಯಾವ ಪುಸ್ತಕ ಯಾವ ಬೀರಿನಲ್ಲಿದೆ ಎಂದು ಲೈಬ್ರರಿ ಮೇಡಂಗೆ ಬಾಯಿಪಾಠ. ದೀಪ ಆರಿದರೂ ಕೈಯಾಡಿಸಿ ತೆಗೆದು ಕೊಡುತ್ತಾರೆ. ಅಂಥವರು.

ಹೊಲಿಗೆ ಅಕ್ಕ ಬಾಗಿಲಲ್ಲಿ ನಿಂತು ಕೇಳಿದರು.

"ಮೇಡಂ, ನಂಗೆ ಓದೋಕಾಗೋ ಪುಸ್ತಕ ಒಂದು ಕೊಡ್ತೀರಾ?"

"ಬಾಮ್ಮಾ, ಒಳಗೆ ಬಾ. ಎಂಥ ಪುಸ್ತಕ ಬೇಕು?"

"ದಪ್ಪ ಅಕ್ಷರದ್ದು. ಸಣ್ಣದು. ಆದ್ರೆ ಮಕ್ಕಳ ಅ ಆ ಇ ಈ ಬೇಡ. ಕತೆ ಇರ್ಬೇಕು."

ಲೈಬ್ರರಿ ಮೇಡಂ ಐದು ಬೀರನ್ನೂ ತೆಗೆದರು. ಕಾದಂಬರಿ ಇದ್ದವು. ಒಂದೊಂದೂ ಇಟ್ಟಿಗೆಯ ಹಾಗೆ. ನಿಘಂಟು ಇತ್ತು. ಪರೀಕ್ಷೆಯ ಪುಸ್ತಕ ಇದ್ದವು. ಅಕ್ಷರವೆಲ್ಲ ಸಾಸಿವೆ ಕಾಳಿನಷ್ಟು. ಆ ಅಕ್ಕನಿಗೆ ಆಗುವ ಪುಸ್ತಕ ಒಂದೂ ಇರಲಿಲ್ಲ.

"ಮುಂದಿನ ಸಲ ತರಿಸ್ತೀನಮ್ಮ" ಅಂದರು. ಹೊಲಿಗೆ ಅಕ್ಕ "ಆಗ್ಲಿ ಮೇಡಂ" ಎಂದು ಬರಿಗೈಯಲ್ಲಿ ಹೋದರು.

ಆ ದಿನ ಸಾಯಂಕಾಲ ಲೈಬ್ರರಿ ಮೇಡಂ ನಮ್ಮ ಹತ್ತಿರ ಬಂದು ಹೇಳಿದ ಮಾತು ನಮಗೆ ಇನ್ನೂ ನೆನಪಿದೆ. "ಇಪ್ಪತ್ತಾರು ವರ್ಷದಿಂದ ಬೀಗದಕೈ ಇಟ್ಕೊಂಡಿದೀನಿ. ಇವತ್ತು ಒಬ್ಬಳು ಬಂದು ಬಾಯಿ ಬಿಟ್ಟು ಕೇಳಿದಳು. ನನ್ನ ಹತ್ರ ಇರಲಿಲ್ಲ."

ಇದು ಸಣ್ಣ ವಿಷಯವಲ್ಲ. ಕಲಿತ ಅಕ್ಷರಕ್ಕೆ ಓದು ಬೇಕು. ಓದು ಸಿಗದಿದ್ದರೆ ಅಕ್ಷರ ಮರೆತು ಹೋಗಬಹುದು. ನೀರು ಬಿಡದ ಸಸಿಯ ಹಾಗೆ. ನಮ್ಮ ಕೇಂದ್ರದಲ್ಲೇ ಎರಡನೇ ಸಲ ಮೊದಲಿನಿಂದ ಕಲಿಯಲು ಬಂದವರಿದ್ದಾರೆ. ಅದು ಅವರ ತಪ್ಪಲ್ಲ.

ಬಟ್ಟೆ ಹೊದ್ದ ಕಂಪ್ಯೂಟರು

ಲೈಬ್ರರಿಯ ಮೂಲೆಯಲ್ಲಿ ಎರಡು ಕಂಪ್ಯೂಟರು ಇದ್ದವು. ಬಂದು ಎರಡು ವರ್ಷವಾಗಿತ್ತು. ಲೈಬ್ರರಿ ಮೇಡಂ ಅವಕ್ಕೆ ಹೂವಿನ ಬಟ್ಟೆ ಹೊದಿಸಿದ್ದರು. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಅಷ್ಟೇ. ಗುಂಡಿ ಒತ್ತಿದವರಲ್ಲ.

ಯಾಕೆ? ಭಯ. ಕೆಟ್ಟು ಹೋದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ ಎನ್ನುವುದು ಒಂದು ಭಯ. ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ಈ ಪೆಟ್ಟಿಗೆಯೇ ಎಲ್ಲ ಹೇಳುವುದಾದರೆ ಗ್ರಂಥಪಾಲಕಿ ಯಾಕೆ ಬೇಕು? ನಿವೃತ್ತಿಗೆ ಮೂರು ವರ್ಷ ಇತ್ತು. ಹೀಗೇ ಕಳೆದುಬಿಡೋಣ ಅಂದುಕೊಂಡಿದ್ದರು.

ಆದರೆ ಹೊಲಿಗೆ ಅಕ್ಕನ ಬರಿಗೈ ಅವರನ್ನು ಸುಮ್ಮನಿರಲು ಬಿಡಲಿಲ್ಲ. ಒಂದು ಸೋಮವಾರ ಬಟ್ಟೆ ತೆಗೆದರು. ಕಲಿಸಲು ಯಾರನ್ನು ಕೇಳಿದರು ಗೊತ್ತೇ? ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು. ಆ ಹುಡುಗಿ ಹೊಲಿಗೆ ಅಕ್ಕನ ಮಗಳು. ತಾಯಿ ಸಾಯಂಕಾಲ ನಮ್ಮ ಹತ್ತಿರ ಕಲಿಯುವುದು. ಮಗಳು ಮಧ್ಯಾಹ್ನ ಊಟದ ಬಿಡುವಿನಲ್ಲಿ ಲೈಬ್ರರಿ ಮೇಡಂಗೆ ಕಲಿಸುವುದು. ಹೀಗೆ ನಡೆಯಿತು.

ಲೈಬ್ರರಿ ಮೇಡಂ ಒಂದು ನೋಟ್‌ಬುಕ್ ಇಟ್ಟರು. ಪ್ರತಿ ಹೆಜ್ಜೆ ಅದರಲ್ಲಿ ಬರೆದುಕೊಂಡರು. ಮೊದಲು ಗೋಡೆಯ ಸ್ವಿಚ್ಚು. ಆಮೇಲೆ ಪೆಟ್ಟಿಗೆಯ ಗುಂಡಿ. ಆಮೇಲೆ ಎರಡು ನಿಮಿಷ ಕಾಯುವುದು. ಹುಡುಗಿ ನಕ್ಕಳು. "ಕಾಯೋದನ್ನೂ ಬರೀತೀರಾ ಮೇಡಂ?" "ಬರೀತೀನಿ. ಇಲ್ಲಾಂದ್ರೆ ನಾಳೆ ಕೆಟ್ಟೋಯ್ತು ಅಂದ್ಕೊಂಡು ಆಫ್ ಮಾಡ್ಬಿಡ್ತೀನಿ."

ಮೊದಲು ಮಾಡಿದ ದೊಡ್ಡ ಕೆಲಸ ಹಾಳಾಯಿತು. ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ಕೂತರು. ಮೂರು ದಿನ ಸತತ ಬರೆದರು. ಯಂತ್ರ ಆರಿಸಿರಲೇ ಇಲ್ಲ. ಬರೆದದ್ದನ್ನು ಸೇವ್ ಮಾಡಬೇಕು, ಅಂದರೆ ಉಳಿಸಬೇಕು ಎಂದು ಗೊತ್ತಿರಲಿಲ್ಲ. ಕರೆಂಟು ಹೋಯಿತು. ಮೂರು ದಿನದ ಕೆಲಸವೂ ಹೋಯಿತು. ಮೇಡಂ ಆ ದಿನ ಊಟ ಮಾಡಲಿಲ್ಲ. ಮಾರನೆ ದಿನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಹತ್ತು ಸಾಲಿಗೊಮ್ಮೆ ಉಳಿಸು.

ವೆಬ್ ಅಂದರೆ ಏನು?

ವೆಬ್ ಎನ್ನುವ ಇಂಗ್ಲಿಷ್ ಮಾತಿಗೆ ಜೇಡರ ಬಲೆ ಎಂದು ಅರ್ಥ. ಕನ್ನಡದಲ್ಲಿ ಜಾಲ ಎನ್ನುತ್ತಾರೆ. ಲೋಕದ ಲಕ್ಷ ಲಕ್ಷ ಕಂಪ್ಯೂಟರುಗಳು ತಂತಿಯಿಂದಲೋ ಗಾಳಿಯ ಅಲೆಯಿಂದಲೋ ಒಂದಕ್ಕೊಂದು ಸೇರಿವೆ. ಇದು ಇಂಟರ್‌ನೆಟ್. ಅದರೊಳಗೆ ಪುಟಗಳಿವೆ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ದಾರಿ ಇದೆ. ಆ ಪುಟಗಳ ಬಲೆಯೇ ವೆಬ್.

ಇದನ್ನು ಕಟ್ಟಿದವರು ಟಿಮ್ ಬರ್ನರ್ಸ್ ಲೀ ಎಂಬ ಇಂಗ್ಲೆಂಡಿನ ವಿಜ್ಞಾನಿ. 1989ರಲ್ಲಿ ಅವರು ಸ್ವಿಟ್ಜರ್‌ಲೆಂಡಿನ ಜಿನೀವಾ ಊರಿನ ದೊಡ್ಡ ವಿಜ್ಞಾನ ಕೇಂದ್ರದಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಸಾವಿರಾರು ಜನ ಬಂದು ಹೋಗುತ್ತಿದ್ದರು. ಯಾರು ಏನು ಬರೆದರು, ಎಲ್ಲಿಟ್ಟರು ಎಂದು ಹುಡುಕುವುದೇ ಕಷ್ಟವಾಗಿತ್ತು. ಕಾಗದ ಕಳೆದು ಹೋಗಬಾರದು, ಬೇಕಾದವರಿಗೆ ಸಿಗಬೇಕು. ಅದಕ್ಕೇ ಈ ಬಲೆ. 1993ರಲ್ಲಿ ಆ ಕೇಂದ್ರವು ಇದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ಲೈಬ್ರರಿ ಮೇಡಂ ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ, ಇದು ನಮ್ಮ ಕೆಲಸವೇ. ಕಳೆದ ಕಾಗದ ಹುಡುಕೋದು. ಮೊದಲೇ ಹೇಳಬಾರದಿತ್ತಾ?"

ಅಲ್ಲಿಂದ ಮುಂದೆ ಭಯ ಅರ್ಧ ಕಡಿಮೆಯಾಯಿತು.

ಅಕ್ಷರಕ್ಕೂ ನಂಬರು

ಲೈಬ್ರರಿಯಲ್ಲಿ ಪ್ರತಿ ಪುಸ್ತಕಕ್ಕೂ ಒಂದು ನಂಬರಿದೆ. ಬೆನ್ನಿನ ಮೇಲೆ ಚೀಟಿ ಅಂಟಿಸಿರುತ್ತಾರೆ. ದೊಡ್ಡ ವಹಿಯಲ್ಲೂ ಅದೇ ನಂಬರು. ಪುಸ್ತಕದ ಬಣ್ಣ ಮಾಸಿದರೂ ರಟ್ಟು ಹರಿದರೂ ನಂಬರು ನೋಡಿ ಗುರುತು ಹಿಡಿಯಬಹುದು.

ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಕ್ಕೂ ಹೀಗೆಯೇ ನಂಬರಿದೆ. ಅ ಅಕ್ಷರದ ನಂಬರು 3205. ಕ ಅಕ್ಷರದ ನಂಬರು 3221. ಲೋಕದ ಎಲ್ಲ ಭಾಷೆಯ ಅಕ್ಷರಗಳಿಗೂ ಹೀಗೆ ಬೇರೆ ಬೇರೆ ನಂಬರು ಕೊಡುವ ಏರ್ಪಾಟಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಅದರ ಮೊದಲ ಪಟ್ಟಿ ಬಂತು. ಅದರಲ್ಲಿಯೇ ಕನ್ನಡ ಇತ್ತು. ಆದರೆ ಎಲ್ಲರೂ ಅದನ್ನು ಬಳಸಲು ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಗೀಚಿದ ಹಾಗೆ ಕಾಣುತ್ತಿತ್ತು. ಈಗ ನೀವು ಮೊಬೈಲಿನಲ್ಲಿ ಅಕ್ಕ ಎಂದು ಬರೆದು ಕಳಿಸಿದರೆ ದೂರದ ದುಬೈಯಲ್ಲಿರುವ ತಂಗಿಯ ಮೊಬೈಲಿನಲ್ಲೂ ಅಕ್ಕ ಎಂದೇ ಕಾಣುತ್ತದೆ. ನಂಬರು ಒಂದೇ ಆದ್ದರಿಂದ.

ಹುಡುಕುವುದೂ ಇದರಿಂದಲೇ ಆಗುತ್ತದೆ. ನಾವು ರಾಗಿ ಎಂದು ಬರೆದರೆ ಯಂತ್ರ ಆ ನಂಬರುಗಳ ಸಾಲನ್ನು ಪುಟಗಳಲ್ಲಿ ಹುಡುಕುತ್ತದೆ.

ಒತ್ತಕ್ಷರ ಬರೆಯುವುದು ಹೇಗೆ? ಲೈಬ್ರರಿ ಮೇಡಂ ಇಲ್ಲಿ ಎರಡು ದಿನ ಒದ್ದಾಡಿದರು. ನಮ್ಮ ಕನ್ನಡ ಕೀಲಿಮಣೆಯಲ್ಲಿ ಒತ್ತು ಕೊಡಲು ಒಂದು ಗುಂಡಿ ಇದೆ. ಇಂಗ್ಲಿಷಿನ ಎಫ್ ಇರುವ ಗುಂಡಿ. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ ಕ್ಕ ಬರುತ್ತದೆ. ನಾವು ಪಾಠದಲ್ಲಿ ಕಲಿಸಿದ್ದೂ ಅದೇ ಅಲ್ಲವೇ? ಕ ಕೆಳಗೆ ಕ ಸೇರಿದರೆ ಕ್ಕ.

ಕೆಲವರು ಕೇಳುತ್ತಾರೆ. ಈಗ ಮೊಬೈಲಿಗೆ ಮಾತಾಡಿದರೆ ಸಾಕು, ಅದೇ ಬರೆಯುತ್ತದೆ, ನಾವು ಅಕ್ಷರ ಯಾಕೆ ಕಲಿಯಬೇಕು? ನಿಜ. ಗೂಗಲ್‌ನಲ್ಲಿ 2017ರಿಂದ ಕನ್ನಡ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಬಂದಿದೆ. ಒಂದು ದಿನ ಹೊಲಿಗೆ ಅಕ್ಕ ತಮ್ಮ ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಎಂದು ಕೇಳಲು ಮೊಬೈಲಿಗೆ ಮಾತಾಡಿದರು. ನಮ್ಮ ಕಡೆ ಹಸುವಿಗೆ ಅಸು ಎನ್ನುವುದೇ ರೂಢಿ. ಮೊಬೈಲು ಕೇಳಿದ್ದನ್ನೇ ಬರೆಯಿತು. ಅಸು ಎಂದು! ಹೊಲಿಗೆ ಅಕ್ಕ ಕಣ್ಣು ಕಿರಿದು ಮಾಡಿ ಓದಿದರು. "ಇದೇನು, ಹ ಎಲ್ಲಿ ಹೋಯ್ತು?" ತಾವೇ ಅ ತೆಗೆದು ಹ ಹಾಕಿದರು. ಆಮೇಲೆ ಸರಿಯಾದ ಪುಟ ಬಂತು. 2019ರಿಂದ ಸರ್ಕಾರ ದನ ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಈ ಲಸಿಕೆಯನ್ನು ಪುಕ್ಕಟೆ ಹಾಕಿಸುವ ಕಾರ್ಯಕ್ರಮ ಶುರು ಮಾಡಿದೆ ಎಂದು ಅದರಲ್ಲಿತ್ತು. ಯಂತ್ರ ಬರೆದದ್ದನ್ನು ಓದಿ ತಿದ್ದಲು ಅಕ್ಷರ ಬೇಕೇ ಬೇಕು.

ಹೊಲಿದ ಪುಸ್ತಕ

ಲೈಬ್ರರಿ ಮೇಡಂ ಕೊನೆಗೂ ಆ ಪುಸ್ತಕ ಹುಡುಕಿದರು. ಬೆಂಗಳೂರಿನ ಪ್ರಥಮ್ ಬುಕ್ಸ್ ಎಂಬ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆದಿದೆ. ಅಲ್ಲಿ ಕನ್ನಡವೂ ಸೇರಿ ಬಹಳ ಭಾಷೆಗಳಲ್ಲಿ ಚಿತ್ರಕತೆಗಳಿವೆ. ಓದಲು ದುಡ್ಡು ಕೊಡಬೇಕಿಲ್ಲ. ಕತೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು. ನಾಲ್ಕನೇ ಹಂತದಲ್ಲಿ ಹೆಚ್ಚು.

ಮಕ್ಕಳಿಗೆಂದು ಮಾಡಿದ ಕತೆಗಳು, ನಿಜ. ಆದರೆ ಮೇಡಂ ಜಾಣೆ. ಒಂದೊಂದನ್ನೂ ಓದಿ ನೋಡಿದರು. ದೊಡ್ಡವರೂ ಖುಷಿಯಿಂದ ಓದುವಂಥದ್ದನ್ನು ಆರಿಸಿದರು. ಕೆರೆಯ ಕತೆ, ಬೀಜದ ಕತೆ, ಊರಿಗೆ ಬಂದ ಆನೆಯ ಕತೆ, ಹೀಗೆ ಹನ್ನೆರಡು. ಬಿಳಿ ಹಾಳೆಯ ಮೇಲೆ ಮುದ್ರಿಸಿದರು. ಹಾಳೆಗಳನ್ನು ಹೊಲಿದವರು ಯಾರು? ಹೊಲಿಗೆ ಅಕ್ಕ. ದಬ್ಬಣದಲ್ಲಿ ಮೂರು ತೂತು, ದಪ್ಪ ದಾರ, ಮೇಲೆ ಉಳಿದ ಸೀರೆ ಬಟ್ಟೆಯ ಹೊದಿಕೆ. ಈಗ ಆ ಹನ್ನೆರಡು ಪುಸ್ತಕಕ್ಕೂ ನಂಬರಿದೆ. ಬೀರಿನ ಕೆಳಗಿನ ಸಾಲಿನಲ್ಲಿವೆ. ಕೂತು ತೆಗೆದುಕೊಳ್ಳಲು ಅನುಕೂಲ.

ಇಲ್ಲಿ ಒಂದು ಮಾತು. ಮೊಬೈಲಿನಲ್ಲಿ ಎಷ್ಟೋ ಪುಸ್ತಕ ಹಾಗೇ ಹರಿದಾಡುತ್ತವೆ. ಯಾರೋ ಫೋಟೋ ತೆಗೆದು ಕಳಿಸಿರುತ್ತಾರೆ. ನಾವೂ ಒಮ್ಮೆ ಅಂಥದೊಂದು ತಂದು "ಇದನ್ನೂ ಮುದ್ರಿಸಿ ಮೇಡಂ" ಎಂದೆವು. ಮೇಡಂ ಒಪ್ಪಲಿಲ್ಲ. ಕೊನೆಯ ಪುಟ ತೋರಿಸಿ ಎಂದರು. ಸ್ಟೋರಿವೀವರ್‌ನ ಕತೆಯಲ್ಲಿ ಬರೆದವರು, ಚಿತ್ರ ಬಿಡಿಸಿದವರು, ಅನುವಾದ ಮಾಡಿದವರು ಎಲ್ಲರ ಹೆಸರೂ ಇರುತ್ತದೆ. ಹೆಸರು ಉಳಿಸಿಕೊಂಡು ಯಾರಾದರೂ ಮುದ್ರಿಸಬಹುದು ಎಂಬ ಒಪ್ಪಿಗೆಯೂ ಇರುತ್ತದೆ. ನಾವು ತಂದದ್ದರಲ್ಲಿ ಅಂಥ ಒಪ್ಪಿಗೆ ಇರಲಿಲ್ಲ. "ಬರೆದವರಿಗೂ ಹೊಟ್ಟೆ ಇದೆ" ಅಂದರು ಮೇಡಂ. ನಮಗೆ ನಾಚಿಕೆಯಾಯಿತು.

ಈಗ ಪ್ರಶ್ನೆ ಕೇಳಿದರೆ ಮನುಷ್ಯರ ಹಾಗೆ ಉತ್ತರ ಬರೆಯುವ ಯಂತ್ರಗಳೂ ಬಂದಿವೆ. ಎಐ ಎನ್ನುತ್ತಾರೆ. ಮೇಡಂ ಅದನ್ನೂ ಬಿಡಲಿಲ್ಲ. ಹೊಸದಾಗಿ ಓದುವವರಿಗೆ ಐದು ಕನ್ನಡ ಪುಸ್ತಕ ಹೇಳು ಎಂದು ಕೇಳಿದರು. ಅದು ಚಟಚಟ ಐದು ಹೆಸರು ಹೇಳಿತು. ಬರೆದವರ ಹೆಸರನ್ನೂ ಹೇಳಿತು. ಮೇಡಂ ಒಂದೊಂದನ್ನೂ ಲೈಬ್ರರಿಗಳ ಪಟ್ಟಿಯಲ್ಲಿ, ಪುಸ್ತಕದ ಅಂಗಡಿಯ ಪಟ್ಟಿಯಲ್ಲಿ ಹುಡುಕಿದರು. ಎರಡು ಸಿಕ್ಕವು. ಮೂರು ಎಲ್ಲೂ ಇಲ್ಲ! ಯಂತ್ರ ಅಂದಾಜಿನ ಮೇಲೆ ಹೆಸರು ಕಟ್ಟಿಬಿಟ್ಟಿತ್ತು. ಹೇಳುವಾಗ ಮಾತ್ರ ಒಂದಿಷ್ಟೂ ತಡವರಿಸಲಿಲ್ಲ.

ಲೆಕ್ಕದ ಮೇಷ್ಟ್ರು

ಲೈಬ್ರರಿ ಮೇಡಂ ಮೇಜಿನ ಮೇಲೆ ಒಬ್ಬ ಹಿರಿಯರ ಫೋಟೋ ಇದೆ. ಎಸ್. ಆರ್. ರಂಗನಾಥನ್. ಅವರ ವಿಷಯ ನೀವು ತಿಳಿಯಬೇಕು.

ಅವರು 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದರು. ಮದರಾಸಿನ ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆಗ ಅವರಿಗೆ 31 ವರ್ಷ. ಗ್ರಂಥಾಲಯದ ವಿದ್ಯೆ ಏನೂ ಕಲಿತಿರಲಿಲ್ಲ. ಕೆಲವೇ ದಿನಕ್ಕೆ ಬೇಸರವಾಯಿತು. ಮಾತಾಡಲು ಮಕ್ಕಳಿಲ್ಲ, ಪಾಠವಿಲ್ಲ. ವಾಪಸ್ಸು ಕಾಲೇಜಿಗೆ ಬರುತ್ತೇನೆ ಎಂದು ಪ್ರಿನ್ಸಿಪಾಲರ ಹತ್ತಿರ ಹೋದರು. ಒಮ್ಮೆ ಇಂಗ್ಲೆಂಡಿಗೆ ಹೋಗಿ ಈ ಕೆಲಸ ಕಲಿತು ಬಾ, ಆಮೇಲೂ ಬೇಡವಾದರೆ ನೋಡೋಣ ಎಂದರು ಅವರು. ರಂಗನಾಥನ್ ಹೋದರು. ಅಲ್ಲಿ ಬೀದಿ ಬೀದಿಯ ಗ್ರಂಥಾಲಯ ನೋಡಿದರು. ಕೂಲಿಯವರು, ಹೆಂಗಸರು, ಮಕ್ಕಳು ಎಲ್ಲರೂ ಬಂದು ಓದುವುದನ್ನು ನೋಡಿದರು. ತಿರುಗಿ ಬಂದ ಮೇಲೆ ಈ ಕೆಲಸ ಬಿಡಲೇ ಇಲ್ಲ.

1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ನಿಯಮ ಬರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪುಸ್ತಕ ಬೀರಿನಲ್ಲಿ ಪೂಜೆಗೆ ಇಡುವುದಕ್ಕಲ್ಲ. ಬಂದವರು ಯಾರೇ ಇರಲಿ, ಅವರಿಗೆ ಆಗುವ ಪುಸ್ತಕ ಇರಬೇಕು. ಪುಸ್ತಕಕ್ಕೂ ಅದನ್ನು ಓದುವವರು ಸಿಗಬೇಕು. ಬಂದವರನ್ನು ಸುಮ್ಮನೆ ಕಾಯಿಸಬಾರದು. ಗ್ರಂಥಾಲಯ ಮಕ್ಕಳ ಹಾಗೆ ಬೆಳೆಯುತ್ತಲೇ ಇರುತ್ತದೆ. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊತ್ತು ಹೋಗುವ ಕೆಲಸವೂ ಶುರುವಾಯಿತು. ಆ ಕಾಲಕ್ಕೆ ಅದೇ ಹೊಸ ಉಪಕರಣ.

ರಂಗನಾಥನ್ ಮುಂದೆ ಬೆಂಗಳೂರಿಗೆ ಬಂದು ನೆಲೆಸಿದರು. ಗ್ರಂಥಪಾಲಕರಿಗೆ ಕಲಿಸುವ ಕೇಂದ್ರವನ್ನು 1962ರಲ್ಲಿ ಅಲ್ಲಿ ತೆರೆದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಈಗ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳಲ್ಲಿ ಗ್ರಂಥಾಲಯ ಇದೆ. 2019ರಲ್ಲಿ ಇವು ಪಂಚಾಯತಿಗಳ ಕೈಗೆ ಬಂದವು. ಅರಿವು ಕೇಂದ್ರ ಎಂದು ಬೋರ್ಡು ಇರುವುದನ್ನು ನೀವು ಓದಿರಬಹುದು. ಬಹಳ ಕಡೆ ಕಂಪ್ಯೂಟರೂ ಇದೆ. ನಿಮ್ಮ ಊರಿನದರೊಳಗೆ ಹೋಗಿದ್ದೀರಾ? ಗಂಡಸರು ಪೇಪರು ಓದುವ ಜಾಗ ಎಂದು ಹೊರಗೇ ನಿಲ್ಲಬೇಡಿ.

ಮೊಬೈಲಿಗೆ ಬಂದ ಸುದ್ದಿ

ಈಗ ಹೇಳುವುದು ನಮ್ಮ ತಪ್ಪಿನ ವಿಷಯ.

ಕಳೆದ ವರ್ಷ ಒಂದು ಸುದ್ದಿ ಮೊಬೈಲಿಗೆ ಬಂತು. ಹತ್ತನೇ ಕ್ಲಾಸು ಓದುವ ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಹದಿನೈದು ಸಾವಿರ ರೂಪಾಯಿ ವಿದ್ಯಾರ್ಥಿವೇತನ. ಇಂದೇ ಕೊನೆಯ ದಿನ. ಕೆಳಗಿನ ನೀಲಿ ಅಕ್ಷರ ಒತ್ತಿ. ಮೇಲೆ ಸರ್ಕಾರದ ಮುದ್ರೆಯಂಥ ಚಿತ್ರವೂ ಇತ್ತು. ನಾವು ಪೂರ್ತಿ ಓದದೆ ಕೇಂದ್ರದ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆವು. ಪಾಪ, ಯಾರಿಗಾದರೂ ಸಿಗಲಿ ಎಂದು. ಓದು ಕಲಿಸುವ ನಾವೇ ಓದಲಿಲ್ಲ.

ಹೊಲಿಗೆ ಅಕ್ಕ ಅದನ್ನು ಓದಿದರು. ಮಗಳು ಆಗ ಹತ್ತನೇ ಕ್ಲಾಸಿಗೆ ಬಂದಿದ್ದಳು. ಒತ್ತುವ ಮೊದಲು ಲೈಬ್ರರಿಗೆ ಹೋದರು.

"ಮೇಡಂ, ಇದು ನಿಜಾನಾ ನೋಡಿ."

"ಯಾರು ಕಳಿಸಿದ್ದು?"

"ನಮ್ಮ ಟೀಚರ್ರೇ ಕಳಿಸಿದಾರೆ."

"ಟೀಚರಿಗೆ ಯಾರು ಕಳಿಸಿದ್ರು?"

ಅದು ಯಾರಿಗೂ ಗೊತ್ತಿಲ್ಲ. ಮೇಡಂ ಕನ್ನಡಕ ಏರಿಸಿ ಆ ನೀಲಿ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದರು. ಒತ್ತಲಿಲ್ಲ, ಓದಿದರು.

ಜಾಲತಾಣದ ವಿಳಾಸ ಓದುವುದು ಹೀಗೆ. ನಮ್ಮ ಮನೆಯ ವಿಳಾಸದಲ್ಲಿ ಮೊದಲು ಹೆಸರು, ಆಮೇಲೆ ಬೀದಿ, ಆಮೇಲೆ ಊರು, ಕೊನೆಗೆ ಜಿಲ್ಲೆ. ಯಾವ ಸೀಮೆಯವರು ಎಂದು ತಿಳಿಯಲು ಕೊನೆ ನೋಡಬೇಕು. ಜಾಲತಾಣದ ವಿಳಾಸವೂ ಹಾಗೆ. ನಡುವೆ ಚುಕ್ಕೆಗಳಿರುತ್ತವೆ. ಮುಂದೆ ಒಂದು ಓರೆ ಗೆರೆ ಬರುತ್ತದೆ. ಆ ಒಂಟಿ ಓರೆ ಗೆರೆಗೆ ಮೊದಲು ಕೊನೆಯಲ್ಲಿ ಏನಿದೆ? ಕರ್ನಾಟಕ ಸರ್ಕಾರದ ವಿದ್ಯಾರ್ಥಿವೇತನದ ತಾಣವಾದರೆ ಕೊನೆಯಲ್ಲಿ ಕರ್ನಾಟಕ, ಚುಕ್ಕೆ, ಜಿ ಓ ವಿ, ಚುಕ್ಕೆ, ಐ ಎನ್ ಎಂದು ಇಂಗ್ಲಿಷಿನಲ್ಲಿ ಇರುತ್ತದೆ. ಜಿ ಓ ವಿ ಅಂದರೆ ಸರ್ಕಾರ. ಐ ಎನ್ ಅಂದರೆ ಇಂಡಿಯಾ. ಈ ಐದು ಇಂಗ್ಲಿಷ್ ಅಕ್ಷರಗಳ ರೂಪವನ್ನು ಮಗಳ ಕೈಯಲ್ಲಿ ಬರೆಸಿ ಗೋಡೆಗೆ ಅಂಟಿಸಿಕೊಳ್ಳಿ. ಇಂಗ್ಲಿಷ್ ಕಲಿಯದಿದ್ದರೂ ಹೋಲಿಸಿ ನೋಡಬಹುದು.

ನಮ್ಮ ಸುದ್ದಿಯ ವಿಳಾಸದ ನಡುವೆ ಕರ್ನಾಟಕ ಎಂದೂ ಇತ್ತು, ಜಿ ಓ ವಿ ಎಂದೂ ಇತ್ತು. ಆದರೆ ಕೊನೆಯಲ್ಲಿ ಬೇರೆ ಏನೋ ಇತ್ತು. ಊರಿನ ಹೆಸರು ಮಧ್ಯೆ ತುರುಕಿ ಜಿಲ್ಲೆ ಬದಲಿಸಿದ ಹಾಗೆ. ಮೇಡಂ ತಮ್ಮ ಕಂಪ್ಯೂಟರಿನಲ್ಲಿ ನಿಜವಾದ ತಾಣ ತೆರೆದರು. ಅಲ್ಲಿ ಇಂಥ ಯೋಜನೆ ಇರಲಿಲ್ಲ. "ಮೋಸ ಕಣಮ್ಮ. ಒತ್ತಬೇಡ" ಎಂದರು. ತಕ್ಷಣ ನಮಗೆ ಫೋನು ಮಾಡಿದರು. ನಾವು ಓಡಿ ಗುಂಪಿಗೆ ಬರೆದೆವು.

ತಡವಾಗಿತ್ತು. ನಮ್ಮ ಕೇಂದ್ರದ ಇನ್ನೊಬ್ಬ ತಂಗಿ ಎರಡು ದಿನ ಮೊದಲೇ ಒತ್ತಿದ್ದಳು. ಅರ್ಜಿಗೆ ಮುನ್ನೂರೈವತ್ತು ರೂಪಾಯಿ ಕೇಳಿತ್ತು. ಕಟ್ಟಿದ್ದಳು. ಆಮೇಲೆ ಮೊಬೈಲಿಗೆ ಬಂದ ಆರು ಅಂಕಿಯ ನಂಬರು ಹೇಳಿ ಎಂದು ಯಾರೋ ಫೋನು ಮಾಡಿದರು. ಅದಕ್ಕೆ ಓಟಿಪಿ ಎನ್ನುತ್ತಾರೆ. ಅದು ನಮ್ಮ ಖಾತೆಯ ಬೀಗದಕೈ. ಹೇಳಿದಳು. ಖಾತೆಯಲ್ಲಿದ್ದ ನಾಲ್ಕು ಸಾವಿರ ಚಿಲ್ಲರೆ ಹೋಯಿತು. ಗಂಡನಿಗೆ ಹೆದರಿ ಯಾರಿಗೂ ಹೇಳದೆ ಕೂತಿದ್ದಳು.

ನಾವು ಅವಳನ್ನು ಕೂರಿಸಿಕೊಂಡು 1930 ನಂಬರಿಗೆ ಫೋನು ಮಾಡಿದೆವು. ಮೊಬೈಲು, ಇಂಟರ್‌ನೆಟ್ಟಿನಲ್ಲಿ ದುಡ್ಡು ಹೋದರೆ ದೂರು ಕೊಡುವ ನಂಬರು ಅದು. ದೂರು ಬರೆದುಕೊಂಡರು. ಬ್ಯಾಂಕಿಗೂ ಹೋದೆವು. ಮೋಸವಾದ ಒಂದೆರಡು ಗಂಟೆಯೊಳಗೆ ಹೇಳಿದರೆ ದುಡ್ಡನ್ನು ನಡುವೆಯೇ ತಡೆಯುವ ಅವಕಾಶ ಹೆಚ್ಚು. ಎರಡು ದಿನ ಆಗಿಹೋಗಿತ್ತು. ದುಡ್ಡು ಬರಲಿಲ್ಲ.

ಆ ತಂಗಿ ಒಂದೂವರೆ ತಿಂಗಳು ಕೇಂದ್ರಕ್ಕೆ ಬರಲಿಲ್ಲ. ಓದು ಕಲಿತದ್ದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಅಂದರಂತೆ. ನಾವು ಮನೆಗೆ ಹೋದೆವು. ಗಂಡನ ಮುಂದೆಯೇ ಹೇಳಿದೆವು. "ತಪ್ಪು ಅವಳದ್ದಲ್ಲ. ಸುದ್ದಿ ಕಳಿಸಿದ್ದು ನಾವು. ಅವಳು ನಮ್ಮನ್ನು ನಂಬಿದಳು." ಹೇಳುವುದು ಸುಲಭವಾಗಿರಲಿಲ್ಲ. ನಾವು ಮೂವರು ಸೇರಿ ಅವಳ ದುಡ್ಡಿನಲ್ಲಿ ಅರ್ಧ ಕೊಟ್ಟೆವು. ಅಷ್ಟೇ ನಮ್ಮ ಕೈಲಾದದ್ದು.

ಈಗ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಶಾಲೆಯ ಲೈಬ್ರರಿ ಊರಿನ ಹೆಂಗಸರಿಗೂ ತೆರೆದಿರುತ್ತದೆ. ಮೊಬೈಲಿಗೆ ಬಂದ ಸುದ್ದಿ ತಂದು ತೋರಿಸುತ್ತಾರೆ. ಲೈಬ್ರರಿ ಮೇಡಂ ಕೇಳುವುದು ಮೂರೇ ಮಾತು. ಇದನ್ನು ಬರೆದವರು ಯಾರು? ಯಾವಾಗ ಬರೆದದ್ದು? ಬೇರೆ ಎಲ್ಲಾದರೂ ಇದೇ ಮಾತಿದೆಯಾ? ಮೂರಕ್ಕೂ ಉತ್ತರ ಹುಡುಕಿ ಆಮೇಲೆ ಹೇಳುತ್ತಾರೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನುತ್ತಾರೆ. ಆ ತಂಗಿಯೂ ಈಗ ಬರುತ್ತಾಳೆ. ವಿಳಾಸದ ಕೊನೆ ಓದುವುದರಲ್ಲಿ ಅವಳೇ ಎಲ್ಲರಿಗಿಂತ ಚುರುಕು.

ಸೋಬಾನೆ ಪದ

ಹೊಲಿಗೆ ಅಕ್ಕ ಹನ್ನೆರಡು ಪುಸ್ತಕವನ್ನೂ ಓದಿ ಮುಗಿಸಿದರು. ಮೊನ್ನೆ ಇನ್ನೊಂದು ಕೇಳಿದರು.

"ಮೇಡಂ, ನಮ್ಮಜ್ಜಿ ಮದುವೆ ಮನೇಲಿ ಒಂದು ಸೋಬಾನೆ ಪದ ಹಾಡೋರು. ಹಸೆ ಮೇಲೆ ಕೂರಿಸುವಾಗಿನದು. ಅದನ್ನ ಅಕ್ಷರದಲ್ಲಿ ನೋಡ್ಬೇಕು ಅಂತ ಆಸೆ. ಸಿಗುತ್ತಾ?"

ಮೇಡಂ ಹುಡುಕಿದರು. ಸೋಬಾನೆ ಪದಗಳ ಪುಸ್ತಕಗಳ ಹೆಸರು ಸಿಕ್ಕವು. ಒಂದೆರಡು ಹಳೆಯ ಪುಸ್ತಕ ಜಾಲದಲ್ಲೇ ಓದಲು ಸಿಕ್ಕವು. ಹೊಲಿಗೆ ಅಕ್ಕ ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿದರು. "ಇದಲ್ಲ. ಇದೂ ಅಲ್ಲ. ಇದು ನಮ್ಮ ಕಡೆಯದೇ ಅಲ್ಲ." ಎರಡು ಶನಿವಾರ ಕಳೆಯಿತು. ಅಜ್ಜಿಯ ಪದ ಎಲ್ಲೂ ಇರಲಿಲ್ಲ.

ಮೇಡಂ ತಮ್ಮ ನೋಟ್‌ಬುಕ್ಕಿನಂಥದೇ ಇನ್ನೊಂದು ಹೊಸ ನೋಟ್‌ಬುಕ್ ತೆಗೆದು ಹೊಲಿಗೆ ಅಕ್ಕನ ಮುಂದಿಟ್ಟರು. ಮೇಲೆ ಚೀಟಿ ಅಂಟಿಸಿ ನಂಬರನ್ನೂ ಬರೆದುಬಿಟ್ಟರು. ಒಳಗೆ ಇನ್ನೂ ಖಾಲಿ.

"ನೀನೇ ಬರಿ. ತಪ್ಪಾದ್ರೆ ಆಮೇಲೆ ನೋಡೋಣ. ಬರೆದಾದ್ಮೇಲೆ ಕಂಪ್ಯೂಟರಿಗೆ ಏರಿಸೋಣ. ಹತ್ತು ಸಾಲಿಗೊಮ್ಮೆ ಉಳಿಸ್ತೀನಿ."

ಹೊಲಿಗೆ ಅಕ್ಕ ರಾತ್ರಿ ಹೊಲಿಗೆ ಮುಗಿದ ಮೇಲೆ ಬರೆಯುತ್ತಾರೆ. ಹಾಡಿಕೊಂಡು ಬರೆಯಬೇಕು, ಇಲ್ಲದಿದ್ದರೆ ನೆನಪಿಗೆ ಬರುವುದಿಲ್ಲವಂತೆ. ನಿನ್ನೆಗೆ ಹದಿನೇಳು ಸಾಲು ಆಗಿದೆ. ನಡುವೆ ಒಂದು ಸಾಲು ಮರೆತಿದೆ. ಅದಕ್ಕೆ ಜಾಗ ಬಿಟ್ಟಿದ್ದಾರೆ. ಪಕ್ಕದ ಊರಿನಲ್ಲಿ ಚಿಕ್ಕಜ್ಜಿ ಇದ್ದಾರೆ. ಭಾನುವಾರ ಹೋಗಿ ಕೇಳಿ ಬರುತ್ತಾರಂತೆ.